ಬಾಂಡ್ ಕೈಯಿಂದ ಜಾರಿದ್ದು ಪಿಸ್ತೂಲು ಮಾತ್ರವೇ?

2025ರ ಅಕ್ಟೋಬರ್ ಮೊದಲ ವಾರ. ಅಮೆಜಾನ್‌ನ ಪ್ರೈಮ್ ವಿಡಿಯೊದಲ್ಲಿ ಹಳೆಯ ಜೇಮ್ಸ್ ಬಾಂಡ್ ಚಿತ್ರಗಳನ್ನು ಹುಡುಕಿದವರಿಗೆ ವಿಚಿತ್ರವೊಂದು ಕಣ್ಣಿಗೆ ಬಿತ್ತು. ಪುಟ್ಟ ಪೋಸ್ಟರುಗಳಲ್ಲಿ ಬಾಂಡ್ ಇದ್ದ, ಸೂಟು ಇತ್ತು, ಆ ಓರೆನೋಟವೂ ಇತ್ತು. ಕೈಯಲ್ಲಿ ಪಿಸ್ತೂಲು ಮಾತ್ರ ಇರಲಿಲ್ಲ. ಕೆಲವು ಚಿತ್ರಗಳಲ್ಲಿ ಅದನ್ನು ಅಂಚಿನಾಚೆಗೆ ಕತ್ತರಿಸಲಾಗಿತ್ತು, ಕೆಲವದರಲ್ಲಿ ಅಳಿಸಿ ಹಾಕಲಾಗಿತ್ತು. ಪಿಸ್ತೂಲು ಹಿಡಿಯಲೆಂದೇ ಮಡಿಸಿದ್ದ ಶಾನ್ ಕಾನರಿಯ ಕೈ ಈಗ ಏನನ್ನೂ ಹಿಡಿಯದೆ ಸುಮ್ಮನೆ ಮಡಿಸಿಕೊಂಡಿತ್ತು. ಅದೂ ಯಾವಾಗ? ‘ಡಾಕ್ಟರ್ ನೋ’ ತೆರೆಕಂಡ 1962ರ ಅಕ್ಟೋಬರ್ 5ರ ನೆನಪಿಗೆ ಅಭಿಮಾನಿಗಳು ವರ್ಷವರ್ಷವೂ ಆಚರಿಸುವ ಬಾಂಡ್ ದಿನದ ಹೊತ್ತಿಗೆ.

ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ ಆ ಪೋಸ್ಟರುಗಳು ಮಾಯವಾಗಿ, ಅವುಗಳ ಜಾಗಕ್ಕೆ ಚಿತ್ರಗಳ ದೃಶ್ಯಗಳಿಂದ ಆಯ್ದ ಫೋಟೊಗಳು ಬಂದವು. ಭಾರತದ ಪ್ರೇಕ್ಷಕರಿಗೆ ಇಂಥ ಕತ್ತರಿ ಹೊಸದಲ್ಲ. 2015ರಲ್ಲಿ ‘ಸ್ಪೆಕ್ಟರ್’ ಬಂದಾಗ ನಮ್ಮ ಸೆನ್ಸಾರ್ ಮಂಡಳಿ ಚುಂಬನದ ದೃಶ್ಯಗಳ ಉದ್ದವನ್ನು ಮೊಟಕುಗೊಳಿಸಿತ್ತು, ‘ಸಂಸ್ಕಾರಿ ಬಾಂಡ್’ ಎಂದು ಜನ ನಕ್ಕಿದ್ದರು. ಆದರೆ ಅದು ಸರ್ಕಾರಿ ಮಂಡಳಿಯ ಕೆಲಸ. ಇದು ಬಾಂಡ್‌ನ ಸ್ವಂತ ಮನೆಯಲ್ಲೇ ನಡೆದದ್ದು. ಆ ಮನೆಯ ಯಜಮಾನಿಕೆ ಎಂಟು ತಿಂಗಳ ಹಿಂದಷ್ಟೇ ಬದಲಾಗಿತ್ತು.

ಹೀಗಾಗಿ ಪೋಸ್ಟರಿನ ಸಣ್ಣ ಎಡವಟ್ಟು ಒಂದು ದೊಡ್ಡ ವಾದಕ್ಕೆ ಸಾಕ್ಷಿಯಾಗಿ ಬಳಕೆಯಾಯಿತು. ‘ಹಳೆಯ ನಿರ್ಮಾಪಕರಿದ್ದಿದ್ದರೆ ಹೀಗಾಗುತ್ತಿರಲಿಲ್ಲ’ ಎಂದರು ಕೆಲವರು. ‘ಹಳೆಯ ನಿರ್ಮಾಪಕರಿದ್ದಿದ್ದರೆ ಇನ್ನೂ ಹತ್ತು ವರ್ಷ ಚಿತ್ರವೇ ಬರುತ್ತಿರಲಿಲ್ಲ’ ಎಂದರು ಇನ್ನು ಕೆಲವರು. ಎರಡು ಮಾತಿನಲ್ಲೂ ಹುರುಳಿದೆ. ಅದು ಎಷ್ಟು ಎಂದು ಅಳೆಯಬೇಕಾದರೆ ಆದದ್ದೇನು ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು.

ಮಾರಾಟವೋ, ಅಧಿಕಾರ ಹಸ್ತಾಂತರವೋ

2025ರ ಫೆಬ್ರುವರಿ 20ರಂದು ಅಮೆಜಾನ್ ಎಂಜಿಎಂ ಸ್ಟುಡಿಯೋಸ್ ಮತ್ತು ಬಾಂಡ್ ಚಿತ್ರಗಳನ್ನು ಮಾಡುತ್ತಾ ಬಂದ ಬ್ರಾಕಲಿ ಕುಟುಂಬದ ನಿರ್ಮಾಪಕರಾದ ಮೈಕೆಲ್ ಜಿ. ವಿಲ್ಸನ್, ಬಾರ್ಬರಾ ಬ್ರಾಕಲಿ ಜಂಟಿ ಹೇಳಿಕೆ ಹೊರಡಿಸಿದರು. ‘ಬಾಂಡ್ ಅಮೆಜಾನ್‌ಗೆ ಮಾರಾಟ’ ಎಂಬ ತಲೆಬರಹಗಳು ಎಲ್ಲೆಡೆ ಹಾರಾಡಿದವು. ಹೇಳಿಕೆಯಲ್ಲಿ ಇದ್ದದ್ದು ಅಷ್ಟು ಸರಳವಾಗಿರಲಿಲ್ಲ. ಬಾಂಡ್‌ಗೆ ಸಂಬಂಧಿಸಿದ ಹಕ್ಕುಗಳನ್ನು ಇಟ್ಟುಕೊಳ್ಳಲು ಹೊಸದೊಂದು ಜಂಟಿ ಸಂಸ್ಥೆ. ಅದರಲ್ಲಿ ಅಮೆಜಾನ್, ವಿಲ್ಸನ್, ಬ್ರಾಕಲಿ ಮೂವರೂ ಸಹಮಾಲೀಕರು. ಆದರೆ ಯಾವ ಕಥೆ, ಯಾವ ನಟ, ಯಾವ ನಿರ್ದೇಶಕ, ಯಾವಾಗ ಬಿಡುಗಡೆ ಎಂಬ ಸೃಜನಾತ್ಮಕ ತೀರ್ಮಾನದ ಅಧಿಕಾರ ಅಮೆಜಾನ್‌ನದು.

ಪಹಣಿಯಲ್ಲಿ ಹೆಸರು ಉಳಿದಿದೆ, ಉಳುಮೆಯ ಮಾತು ಬೇರೆಯವರದು ಎಂದರೆ ನಮ್ಮ ಕಡೆಯವರಿಗೆ ಬೇಗ ಅರ್ಥವಾದೀತು. ಕುಟುಂಬ ಕಳೆದುಕೊಂಡದ್ದು ಇಡೀ ಆಸ್ತಿಯನ್ನಲ್ಲ, ‘ಬೇಡ’ ಎನ್ನುವ ಅಧಿಕಾರವನ್ನು. ಬಾಂಡ್ ಚಿತ್ರಗಳ ಆರು ದಶಕಗಳ ಕಥೆಯನ್ನು ಹಿಂದಕ್ಕೆ ಬಿಡಿಸುತ್ತಾ ಹೋದರೆ, ಬೆಲೆಬಾಳುವ ವಸ್ತು ಆ ಒಂದು ಪದವೇ ಆಗಿತ್ತೆಂದು ತೋರುತ್ತದೆ. ಅಭಿಮಾನಿಗಳ ಜಗಳ ನಟ, ನಿರ್ದೇಶಕ, ಅಭಿರುಚಿಗಳ ಸುತ್ತ ಸುತ್ತುತ್ತದೆ. ತೆರೆಯ ಮೇಲೆ ಏನು ಬಂತು, ಏನು ಬರಲಿಲ್ಲ ಎಂಬುದನ್ನು ಬಹಳ ಸಲ ತೀರ್ಮಾನಿಸಿದ್ದು ಮಾತ್ರ ಕರಾರುಪತ್ರಗಳು.

ಇಬ್ಬರು ಹೆಂಡತಿಯರ ಹೆಸರಿನ ಕಂಪನಿ

ಇಯಾನ್ ಫ್ಲೆಮಿಂಗ್ ‘ಕ್ಯಾಸಿನೊ ರಾಯಲ್’ ಕಾದಂಬರಿಯನ್ನು 1953ರಲ್ಲಿ ಪ್ರಕಟಿಸಿದರು. ಎಂಟು ವರ್ಷಗಳ ಬಳಿಕ, 1961ರಲ್ಲಿ, ಹ್ಯಾರಿ ಸಾಲ್ಟ್ಸ್‌ಮನ್ ಎಂಬ ನಿರ್ಮಾಪಕರು 50,000 ಡಾಲರ್ ಕೊಟ್ಟು ಬಾಂಡ್ ಕಾದಂಬರಿಗಳ ಚಿತ್ರಹಕ್ಕನ್ನು ಆರು ತಿಂಗಳ ಅವಧಿಗೆ ಕಾದಿರಿಸಿಕೊಂಡರು. ಹಕ್ಕು ಕೈಯಲ್ಲಿತ್ತು, ಚಿತ್ರಕ್ಕೆ ಹಣ ಹೂಡುವವರು ಸಿಗಲಿಲ್ಲ. ಅವಧಿ ಮುಗಿಯುತ್ತಾ ಬಂದಾಗ ಆಲ್ಬರ್ಟ್ ಬ್ರಾಕಲಿ ಜೊತೆಗೂಡಿದರು. ಇವರಿಗೂ ಬಾಂಡ್ ಬೇಕಾಗಿದ್ದ, ಆದರೆ ಹಕ್ಕು ಇರಲಿಲ್ಲ. ಇಬ್ಬರೂ ಸೇರಿ ಈಯಾನ್ ಪ್ರೊಡಕ್ಷನ್ಸ್ ಕಟ್ಟಿದರು. (ಲೇಖಕನ ಹೆಸರಿನ ಇಯಾನ್ ಬೇರೆ, ಕಂಪನಿಯ ಈಯಾನ್ ಬೇರೆ. ಈ ಗೊಂದಲ ಕನ್ನಡ ಲಿಪಿಯಲ್ಲಿ ಇನ್ನಷ್ಟು ಹೆಚ್ಚು.) ಹಕ್ಕುಗಳನ್ನು ಇಟ್ಟುಕೊಳ್ಳಲು ಕಟ್ಟಿದ ಮತ್ತೊಂದು ಕಂಪನಿಗೆ ತಮ್ಮ ಹೆಂಡತಿಯರಾದ ಡಾನಾ ಮತ್ತು ಜಾಕ್ವೆಲಿನ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಡಾಂಜಾಕ್ ಎಂದು ಹೆಸರಿಟ್ಟರು. ಹಣ ಹೂಡಲು ಯುನೈಟೆಡ್ ಆರ್ಟಿಸ್ಟ್ಸ್ ಒಪ್ಪಿತು.

1975ರಲ್ಲಿ ತಿರುವು ಬಂತು. ಬೇರೆ ವ್ಯವಹಾರಗಳಲ್ಲಿ ಕೈಸುಟ್ಟುಕೊಂಡಿದ್ದ ಸಾಲ್ಟ್ಸ್‌ಮನ್ ತಮ್ಮ ಪಾಲನ್ನು ಯುನೈಟೆಡ್ ಆರ್ಟಿಸ್ಟ್ಸ್‌ಗೆ ಮಾರಿದರು. ಅಲ್ಲಿಯವರೆಗೆ ಹಣ ಕೊಡುತ್ತಿದ್ದ ಸ್ಟುಡಿಯೊ ಅಂದಿನಿಂದ ಪಾಲುದಾರನೂ ಆಯಿತು. 1981ರಲ್ಲಿ ಆ ಸ್ಟುಡಿಯೊವನ್ನು ಎಂಜಿಎಂ ಕೊಂಡಿತು, ಬಾಂಡ್‌ನ ಪಾಲೂ ಜೊತೆಗೆ ಹೋಯಿತು. 2022ರ ಮಾರ್ಚ್‌ನಲ್ಲಿ ಎಂಜಿಎಂ ಅನ್ನು ಅಮೆಜಾನ್ 845 ಕೋಟಿ ಡಾಲರಿಗೆ ಕೊಂಡಿತು, ಪಾಲು ಮತ್ತೆ ಕೈ ಬದಲಾಯಿಸಿತು. ಇಷ್ಟೆಲ್ಲ ಮಾರಾಟಗಳ ನಡುವೆಯೂ ಬ್ರಾಕಲಿ ಮನೆತನ ಅಲುಗಾಡಲಿಲ್ಲ. ಆಲ್ಬರ್ಟ್ ಬ್ರಾಕಲಿ 1996ರಲ್ಲಿ ತೀರಿಕೊಂಡರು. ಅದಕ್ಕೂ ಒಂದು ವರ್ಷ ಮೊದಲೇ, ‘ಗೋಲ್ಡನ್ ಐ’ ಚಿತ್ರದ ಹೊತ್ತಿಗೆ, ಅವರ ಮಲಮಗ ವಿಲ್ಸನ್ ಮತ್ತು ಮಗಳು ಬಾರ್ಬರಾ ಚುಕ್ಕಾಣಿ ಹಿಡಿದಾಗಿತ್ತು.

ಹೀಗೆ ಒಂದು ವಿಲಕ್ಷಣ ಜೋಡಿಬೀಗ ತಯಾರಾಯಿತು. ಹಣ ಮತ್ತು ವಿತರಣೆಯ ಕೀಲಿ ಸ್ಟುಡಿಯೊ ಬಳಿ, ಕಥೆ ಮತ್ತು ಪಾತ್ರದ ಕೀಲಿ ಕುಟುಂಬದ ಬಳಿ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಬಾಗಿಲು ತೆರೆಯುವಂತಿಲ್ಲ. ಹಾಲಿವುಡ್‌ನ ಉಳಿದ ದೊಡ್ಡ ಸರಣಿಗಳಲ್ಲಿ ಇಂಥ ಏರ್ಪಾಟು ಕಾಣುವುದು ಅಪರೂಪ.

ಚಿಮಣಿಗೆ ಬಿದ್ದ ಹೆಸರಿಲ್ಲದ ಖಳ

ಕರಾರುಪತ್ರ ಕಥೆಯನ್ನು ಹೇಗೆ ಬರೆಯುತ್ತದೆ ಎಂಬುದಕ್ಕೆ ಬಾಂಡ್‌ನ ಬದ್ಧವೈರಿ ಬ್ಲೋಫೆಲ್ಡ್‌ಗಿಂತ ಒಳ್ಳೆಯ ಉದಾಹರಣೆ ಬೇಡ.

ಫ್ಲೆಮಿಂಗ್, ಕೆವಿನ್ ಮೆಕ್ಲೊರಿ ಮತ್ತು ಜ್ಯಾಕ್ ವಿಟಿಂಗ್‌ಹ್ಯಾಮ್ ಕೂಡಿ ಒಂದು ಚಿತ್ರಕಥೆ ಬರೆದಿದ್ದರು. ಚಿತ್ರವಾಗಲಿಲ್ಲ. ಫ್ಲೆಮಿಂಗ್ ಅದನ್ನೇ ‘ಥಂಡರ್‌ಬಾಲ್’ ಕಾದಂಬರಿಯಾಗಿಸಿ 1961ರಲ್ಲಿ ಪ್ರಕಟಿಸಿದರು. ಮೆಕ್ಲೊರಿ ಕೋರ್ಟಿಗೆ ಹೋದರು. 1963ರಲ್ಲಿ ರಾಜಿಯಾಗಿ ಆ ಕಥೆಯ ಚಿತ್ರಹಕ್ಕು ಮೆಕ್ಲೊರಿ ಪಾಲಾಯಿತು. ಬ್ಲೋಫೆಲ್ಡ್ ಮತ್ತು ಆತನ ಸಂಘಟನೆ ಸ್ಪೆಕ್ಟರ್ ಯಾರ ಸೊತ್ತು ಎಂಬ ತಕರಾರು ಅಲ್ಲಿಂದ ಶುರುವಾಯಿತು. 1971ರ ‘ಡೈಮಂಡ್ಸ್ ಆರ್ ಫಾರೆವರ್’ ಆದಮೇಲೆ ಬ್ಲೋಫೆಲ್ಡ್ ಹೆಸರೇ ಈಯಾನ್ ಚಿತ್ರಗಳಿಂದ ಕಾಣೆಯಾಯಿತು.

1981ರ ‘ಫಾರ್ ಯುವರ್ ಐಸ್ ಓನ್ಲಿ’ ಚಿತ್ರದ ಆರಂಭವನ್ನು ನೋಡಿ. ಬೋಳು ತಲೆ, ತೊಡೆಯ ಮೇಲೆ ಬಿಳಿ ಬೆಕ್ಕು, ಗಾಲಿಕುರ್ಚಿ. ಆ ಮನುಷ್ಯ ಯಾರೆಂದು ಥಿಯೇಟರಿನಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತು. ಚಿತ್ರದಲ್ಲಿ ಒಬ್ಬರೂ ಅವನ ಹೆಸರು ಹೇಳುವುದಿಲ್ಲ, ಪಾತ್ರವರ್ಗದ ಪಟ್ಟಿಯಲ್ಲೂ ಅದಿಲ್ಲ. ಬಾಂಡ್ ಅವನನ್ನು ಹೆಲಿಕಾಪ್ಟರಿನಿಂದ ಎತ್ತಿ ಕಾರ್ಖಾನೆಯೊಂದರ ಎತ್ತರದ ಚಿಮಣಿಯೊಳಗೆ ಬೀಳಿಸುತ್ತಾನೆ. ‘ನಿನ್ನ ಪಾತ್ರವಿಲ್ಲದೆಯೂ ನಮ್ಮ ಸರಣಿ ನಡೆಯುತ್ತದೆ’ ಎಂದು ಮೆಕ್ಲೊರಿಗೆ ಕೊಟ್ಟ ಉತ್ತರವೆಂದೇ ಇದನ್ನು ಓದಲಾಗಿದೆ. ಎರಡು ವರ್ಷದ ನಂತರ ಮೆಕ್ಲೊರಿ ತಮ್ಮ ಹಕ್ಕು ಬಳಸಿ, ಸ್ವತಃ ಕಾನರಿಯನ್ನೇ ಮರಳಿ ಕರೆತಂದ ಪೈಪೋಟಿ ಚಿತ್ರಕ್ಕೆ ದಾರಿ ಮಾಡಿಕೊಟ್ಟರು. ಅದೇ 1983ರಲ್ಲಿ ಈಯಾನ್ ತಂಡ ರೋಜರ್ ಮೂರ್ ಅವರನ್ನು ಉದಯಪುರಕ್ಕೆ ಕರೆತಂದು, ವಿಜಯ್ ಅಮೃತರಾಜ್ ಮತ್ತು ಕಬೀರ್ ಬೇಡಿ ಅವರನ್ನು ಕೂಡಿಸಿಕೊಂಡು ಮಾಡಿದ ‘ಆಕ್ಟೊಪಸಿ’ ಬಂತು. ಒಂದೇ ವರ್ಷ, ಇಬ್ಬರು ಬಾಂಡ್‌ಗಳು.

ತಕರಾರು ಪೂರ್ತಿ ಬಗೆಹರಿದದ್ದು 2013ರ ನವೆಂಬರಿನಲ್ಲಿ, ಮೆಕ್ಲೊರಿ ವಾರಸುದಾರರ ಬಳಿಯಿದ್ದ ಹಕ್ಕುಗಳನ್ನು ಎಂಜಿಎಂ ಮತ್ತು ಡಾಂಜಾಕ್ ಪಡೆದಾಗ. ಎರಡೇ ವರ್ಷಕ್ಕೆ ‘ಸ್ಪೆಕ್ಟರ್’ ಚಿತ್ರ ಸಿದ್ಧವಾಯಿತು. ಅದರಲ್ಲಿ ಬ್ಲೋಫೆಲ್ಡ್‌ನನ್ನು ಬಾಂಡ್ ಬೆಳೆದ ಮನೆಯ ಹುಡುಗನನ್ನಾಗಿಸಿ, ಹಿಂದಿನ ಮೂರು ಚಿತ್ರಗಳ ಖಳರೆಲ್ಲ ಅವನ ಕೈಗೊಂಬೆಗಳೆಂದು ತೇಪೆ ಹಾಕಲಾಯಿತು. ಅಭಿಮಾನಿಗಳು ಇಂದಿಗೂ ಆ ತೇಪೆಯನ್ನು ಬಯ್ಯುತ್ತಾರೆ. ಬಯ್ಗುಳ ನ್ಯಾಯವಾದದ್ದೇ. ಆದರೆ ಡೇನಿಯಲ್ ಕ್ರೇಗ್‌ರ ಮೊದಲ ಚಿತ್ರಗಳಲ್ಲಿ ‘ಕ್ವಾಂಟಮ್’ ಎಂಬ ಬದಲಿ ಸಂಘಟನೆಯನ್ನು ಹುಟ್ಟಿಸಿದ್ದೂ, ಆಮೇಲೆ ಅದನ್ನು ಸ್ಪೆಕ್ಟರ್‌ನ ಹೊಟ್ಟೆಗೆ ತುರುಕಿದ್ದೂ ಬರೇ ಕಲ್ಪನೆಯ ಬಡತನದಿಂದಲ್ಲ. ಅರ್ಧ ಶತಮಾನ ತಕರಾರಿನಲ್ಲಿದ್ದ ಹಕ್ಕು ಸರಣಿಯ ನಡುವೆ ಹಠಾತ್ತನೆ ಕೈಗೆ ಬಂದಿತ್ತು, ಬಳಸದೆ ಬಿಡಲು ಮನಸ್ಸಾಗಲಿಲ್ಲ.

ಚಿತ್ರಗಳ ನಡುವಿನ ದೀರ್ಘ ಮೌನಗಳ ಹಿಂದೆಯೂ ಇಂಥದೇ ಕಾಗದಪತ್ರಗಳಿವೆ. 1989ರಿಂದ 1995ರವರೆಗಿನ ಆರು ವರ್ಷದ ಬರಕ್ಕೆ ಕಾರಣ, ಎಂಜಿಎಂ ಮಾರಾಟದ ವೇಳೆ ಬಾಂಡ್‌ನ ಟಿವಿ ಹಕ್ಕುಗಳ ಬಗ್ಗೆ ಹುಟ್ಟಿದ ವ್ಯಾಜ್ಯ. ಟಿಮೊಥಿ ಡಾಲ್ಟನ್ ಎರಡೇ ಚಿತ್ರಕ್ಕೆ ನಿಂತದ್ದು ಹೀಗೆ. 2008ರಿಂದ 2012ರವರೆಗಿನ ಅಂತರದ ಹಿಂದೆ ಎಂಜಿಎಂ ದಿವಾಳಿ ಅರ್ಜಿ ಹಾಕಿದ ಕಥೆಯಿದೆ.

ಪೂಜಾರಿ ವರ ಕೊಡದಿದ್ದಾಗ

ಅಮೆಜಾನ್ ಬಂದ ಮೇಲೆ ಬಿಕ್ಕಟ್ಟು ಬೇರೆ ಬಗೆಯದಾಯಿತು. ಹಿಂದಿನ ಸ್ಟುಡಿಯೊಗಳು ಹಣದ ಕೊರತೆಯಲ್ಲಿದ್ದವು. ಈ ಒಡೆಯನಿಗೆ ಹಣದ ಕೊರತೆಯಿಲ್ಲ, ಅವಸರವಿತ್ತು. ಪ್ರೈಮ್ ವಿಡಿಯೊಗೆ ವರ್ಷವಿಡೀ ಹೊಸ ಸರಕು ಬೇಕು. ಒಂದು ಹೆಸರು ಜನಪ್ರಿಯವಾಗಿದ್ದರೆ ಅದರಿಂದ ಸರಣಿ, ಉಪಸರಣಿ, ಪಾತ್ರಗಳ ಪೂರ್ವಕಥೆ ಎಲ್ಲವನ್ನೂ ಹೆಣೆಯುವುದು ಆ ವ್ಯವಹಾರದ ಸಹಜ ದಾರಿ. ಕುಟುಂಬದ ದಾರಿ ನೇರ ಎದುರು. ಬಾಂಡ್ ಎಂದರೆ ದೊಡ್ಡ ಪರದೆ, ಒಂದು ಸಲಕ್ಕೆ ಒಂದೇ ಚಿತ್ರ, ಅದಾದಮೇಲೆ ಕಾಯುವಿಕೆ. ಸ್ಪಿನ್ ಆಫ್ ಇಲ್ಲ, ಟಿವಿ ಧಾರಾವಾಹಿ ಇಲ್ಲ. ಬಾಂಡ್ ಹೆಸರಿನಲ್ಲಿ ಅಮೆಜಾನ್‌ಗೆ ಸಿಕ್ಕಿದ್ದು 2023ರ ನವೆಂಬರಿನಲ್ಲಿ ಬಂದ ‘007: ರೋಡ್ ಟು ಅ ಮಿಲಿಯನ್’ ಎಂಬ ಸ್ಪರ್ಧಾ ಕಾರ್ಯಕ್ರಮ. ಅದರಲ್ಲಿ ಬಾಂಡ್ ಇರಲೇ ಇಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. 845 ಕೋಟಿ ಡಾಲರ್ ಸುರಿದು ಗುಡಿಯನ್ನು ಕೊಂಡವರು ಗರ್ಭಗುಡಿಯ ಹೊರಗೆ ನಿಲ್ಲಬೇಕಾಯಿತು. 2024ರ ನವೆಂಬರಿನಲ್ಲಿ ವಿಲ್ಸನ್ ಮತ್ತು ಬ್ರಾಕಲಿ ಆಸ್ಕರ್ ಅಕಾಡೆಮಿಯ ಥಾಲ್‌ಬರ್ಗ್ ಪ್ರಶಸ್ತಿ ಪಡೆದರು. 1982ರಲ್ಲಿ ಅವರ ತಂದೆಗೂ ಅದೇ ಗೌರವ ಸಂದಿತ್ತು. ಮರುತಿಂಗಳೇ ‘ವಾಲ್ ಸ್ಟ್ರೀಟ್ ಜರ್ನಲ್’ ಎರಡೂ ಕಡೆಯ ಮಾತುಕತೆ ನಿಂತೇಹೋಗಿದೆ ಎಂದು ವರದಿ ಮಾಡಿತು. ಅಮೆಜಾನ್‌ನ ಹಿರಿಯ ಅಧಿಕಾರಿಯೊಬ್ಬರು ಬಾಂಡ್ ಅನ್ನು ‘ಕಂಟೆಂಟ್’ ಎಂದು ಕರೆದದ್ದು ಬಾರ್ಬರಾ ಅವರಿಗೆ ಹಿಡಿಸಲಿಲ್ಲ ಎಂದೂ ಆ ವರದಿಯಲ್ಲಿತ್ತು. ಅಪ್ಪ ಕಟ್ಟಿದ್ದನ್ನು ಯಾರಾದರೂ ‘ಸರಕು’ ಎಂದರೆ ಮಗಳಿಗೆ ಎಲ್ಲಿ ತಾಗುತ್ತದೆಂದು ಊಹಿಸಲು ಹಾಲಿವುಡ್ ಗೊತ್ತಿರಬೇಕಿಲ್ಲ.

ಎರಡು ತಿಂಗಳಲ್ಲಿ ಒಪ್ಪಂದವಾಯಿತು. ಎಂಬತ್ತಮೂರರ ವಿಲ್ಸನ್ ಕಲೆ ಮತ್ತು ದಾನಧರ್ಮದ ಕೆಲಸಗಳತ್ತ ಹೊರಳುವುದಾಗಿ ಹೇಳಿದರು. ಬಾರ್ಬರಾ ತಾವೂ ಬೇರೆ ಯೋಜನೆಗಳಿಗೆ ಗಮನ ಕೊಡುವುದಾಗಿ ಹೇಳಿದರು. ಅಂದೇ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ‘ಮುಂದಿನ ಬಾಂಡ್ ಆಗಿ ಯಾರನ್ನು ಆರಿಸುತ್ತೀರಿ?’ ಎಂದು ಎಕ್ಸ್‌ನಲ್ಲಿ ಜನರನ್ನು ಕೇಳಿದರು. ಬ್ರಾಕಲಿ ಮನೆತನ ಆರು ದಶಕಗಳಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಯದು.

ಕುಟುಂಬದ ಪರ ವಾದಿಸುವವರು

ಇವರ ವಾದದ ತಿರುಳು: ನಿಧಾನವೇ ಬಾಂಡ್‌ನ ರಕ್ಷಾಕವಚ. 2005ರ ಅಕ್ಟೋಬರ್ 14ರಂದು ಥೇಮ್ಸ್ ನದಿಯ ಮೇಲೆ ನೌಕಾಪಡೆಯ ವೇಗದ ದೋಣಿಯಲ್ಲಿ ಡೇನಿಯಲ್ ಕ್ರೇಗ್ ಬಂದಿಳಿದರು. ಸೂಟಿನ ಮೇಲೆ ಜೀವರಕ್ಷಕ ಜಾಕೆಟ್ ಇತ್ತು. ‘ಲೈಫ್ ಜಾಕೆಟ್ ತೊಡುವ ಬಾಂಡ್’ ಎಂದು ಲಂಡನ್ನಿನ ಪತ್ರಿಕೆಗಳು ಆಡಿಕೊಂಡವು. ಹೊಂಬಣ್ಣದ ಕೂದಲಿನವನು ಬಾಂಡ್ ಆಗಲು ಸಾಧ್ಯವೇ ಎಂದು ಬಹಿಷ್ಕಾರದ ಕರೆ ಕೊಟ್ಟವರೂ ಇದ್ದರು. ಆ ಹೊತ್ತಿನಲ್ಲಿ ಪಾತ್ರಧಾರಿಯನ್ನು ಜನಮತದಿಂದ ಆರಿಸಿದ್ದರೆ ಕ್ರೇಗ್‌ಗೆ ಠೇವಣಿಯೂ ಉಳಿಯುತ್ತಿರಲಿಲ್ಲ. ಬಾರ್ಬರಾ ಪಟ್ಟು ಬಿಡಲಿಲ್ಲ. 2006ರ ‘ಕ್ಯಾಸಿನೊ ರಾಯಲ್’ ಸರಣಿಗೆ ಮರುಜೀವ ಕೊಟ್ಟಿತು, 2012ರ ‘ಸ್ಕೈಫಾಲ್’ ಜಗತ್ತಿನಾದ್ಯಂತ 110 ಕೋಟಿ ಡಾಲರ್ ಗಳಿಸಿತು.

ಕೋವಿಡ್ ಕಾಲದ ಉದಾಹರಣೆಯನ್ನೂ ಇವರು ಎತ್ತುತ್ತಾರೆ. ‘ನೋ ಟೈಮ್ ಟು ಡೈ’ 2020ರ ಏಪ್ರಿಲ್‌ನಿಂದ 2021ರ ಸೆಪ್ಟೆಂಬರ್ ಕೊನೆಗೆ ತಳ್ಳಿಕೊಂಡು ಬಂತು. ಬೇರೆ ಸ್ಟುಡಿಯೊಗಳು ತಮ್ಮ ಚಿತ್ರಗಳನ್ನು ನೇರ ಮನೆಯ ಪರದೆಗೆ ಬಿಡುತ್ತಿದ್ದ ಸಮಯದಲ್ಲಿ ಇವರು ಥಿಯೇಟರ್ ಬಾಗಿಲು ತೆರೆಯುವವರೆಗೆ ಕಾದರು. ಗಳಿಕೆ 77 ಕೋಟಿ ಡಾಲರ್. ಜನ ಮಾಸ್ಕ್ ಹಾಕಿಕೊಂಡು ಬಂದು ಕೂತ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಕುಟುಂಬವನ್ನು ದೂರುವವರು

ಇವರ ಕೈಯಲ್ಲಿರುವುದು ಲೆಕ್ಕ. 1962ರಿಂದ 1989ರವರೆಗಿನ 27 ವರ್ಷಗಳಲ್ಲಿ ಈಯಾನ್ 16 ಚಿತ್ರ ಮಾಡಿತು. ಆಮೇಲಿನ 32 ವರ್ಷಗಳಲ್ಲಿ ಮಾಡಿದ್ದು 9. ಮೊದಲ ನಾಲ್ಕು ಚಿತ್ರಗಳು ನಾಲ್ಕು ಸತತ ವರ್ಷಗಳಲ್ಲಿ ಬಂದಿದ್ದವು! 2015 ಮತ್ತು 2021ರ ನಡುವಿನ ಆರು ವರ್ಷಗಳಲ್ಲಿ ಕೋವಿಡ್ ಪಾಲು ಒಂದೂವರೆ ವರ್ಷ ಮಾತ್ರ. ಉಳಿದದ್ದರಲ್ಲಿ ನಿರ್ದೇಶಕ ಡ್ಯಾನಿ ಬಾಯ್ಲ್ 2018ರ ಆಗಸ್ಟ್‌ನಲ್ಲಿ ಹೊರನಡೆದದ್ದು, ಅವರ ಜಾಗಕ್ಕೆ ಕ್ಯಾರಿ ಫುಕುನಾಗ ಬಂದದ್ದು, ಚಿತ್ರಕಥೆಯನ್ನು ಮತ್ತೆ ಬರೆದದ್ದು ಸೇರಿವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕೊನೆಯ ಚಿತ್ರದ ಮುಕ್ತಾಯದ ಬಗ್ಗೆ. ಅಲ್ಲಿ ಬಾಂಡ್ ಸಾಯುತ್ತಾನೆ. ಕಥೆಗಾಗಿ ನಾಯಕನನ್ನು ಕೊಲ್ಲುವುದು ತಪ್ಪಲ್ಲ. ಆದರೆ ಕೊಂದವರ ಬಳಿ ಮುಂದಿನ ದಾರಿ ಇರಬೇಕು. 2022ರ ಜೂನ್‌ನಲ್ಲಿ ಬಾರ್ಬರಾ, ಬಾಂಡ್‌ನನ್ನು ಹೊಸದಾಗಿ ಕಟ್ಟಬೇಕಿದೆ, ಚಿತ್ರೀಕರಣಕ್ಕೆ ಕನಿಷ್ಠ ಎರಡು ವರ್ಷ ಬೇಕು ಎಂದಿದ್ದರು. ಆ ಎರಡು ವರ್ಷ ಉರುಳಿದವು. ನಟನಿಲ್ಲ, ನಿರ್ದೇಶಕನಿಲ್ಲ, ಕಥೆಯ ಸುಳಿವಿಲ್ಲ.

ಇವೆರಡರಲ್ಲಿ ಹೆಚ್ಚು ತೂಕ ಯಾವುದಕ್ಕೆ? ‘ಬೇಡ’ ಎನ್ನುವ ಅಧಿಕಾರ ಒಳ್ಳೆಯದನ್ನು ಕಾಪಾಡಿದ್ದು ನಿಜ. ಆದರೆ ಅದು ಕೆಲಸ ಮಾಡುವುದು ಅದೇ ಬಾಯಿ ಒಂದು ದಿನ ‘ಹೂಂ’ ಎಂದೂ ಹೇಳಿದರೆ. 2021ರ ನಂತರ ಹೊರಗಿನವರಿಗೆ ಒಂದು ‘ಹೂಂ’ ಕೂಡ ಕೇಳಿಸಲಿಲ್ಲ. ಅಮೆಜಾನ್ ಮೇಲಿನ ಅಪನಂಬಿಕೆಯೇ ಅದಕ್ಕೆ ಕಾರಣವಿರಬಹುದು. ಹಾಗಿದ್ದರೂ ಅಭಿಮಾನಿಗಳು ಮೆಚ್ಚಿದ ಜೋಡಿಬೀಗ ಆ ಹೊತ್ತಿಗೆ ತುಕ್ಕು ಹಿಡಿದಿತ್ತು. ಆರೋಪವನ್ನು ಪೂರ್ತಿ ಒಂದೇ ಕಡೆಗೆ ಹೊರಿಸುವುದು ಕಷ್ಟ.

ಸಿಟಾಡೆಲ್ ಕಲಿಸಬೇಕಿದ್ದ ಪಾಠ

ಅಮೆಜಾನ್ ಬಗೆಗಿನ ಭಯ ಬರೇ ಹಳೆಯದರ ಮೋಹವಲ್ಲ. ಗೂಢಚಾರರ ಜಗತ್ತನ್ನು ತಾನೇ ಕಟ್ಟಲು ಹೊರಟ ಇತಿಹಾಸ ಅದಕ್ಕಿದೆ. 2023ರ ಏಪ್ರಿಲ್‌ನಲ್ಲಿ ಪ್ರಿಯಾಂಕಾ ಚೋಪ್ರಾ ನಟಿಸಿದ ‘ಸಿಟಾಡೆಲ್’ ಬಂತು. ಅದರ ವೆಚ್ಚ 30 ಕೋಟಿ ಡಾಲರಿನ ಆಸುಪಾಸು ಎಂದು ವರದಿಯಾಗಿತ್ತು. ಮೂಲ ಸರಣಿ ಜನರ ಮನಸ್ಸಿನಲ್ಲಿ ಕೂರುವ ಮೊದಲೇ ಅದಕ್ಕೆ ದೇಶವಾರು ಕೊಂಬೆಗಳು ಸಿದ್ಧವಾಗಿದ್ದವು. 2024ರಲ್ಲಿ ಇಟಲಿಗೆ ‘ಡಯಾನಾ’, ಭಾರತಕ್ಕೆ ವರುಣ್ ಧವನ್ ಮತ್ತು ಸಮಂತಾ ಅವರ ‘ಹನಿ ಬನಿ’. 2025ರ ಏಪ್ರಿಲ್‌ನಲ್ಲಿ ಎರಡೂ ಕೊಂಬೆಗಳನ್ನು ಕಡಿಯಲಾಯಿತು. ಬೇರು ಬಿಡುವ ಮುನ್ನ ಕಸಿ ಕಟ್ಟಿದರೆ ಏನಾಗುತ್ತದೆಂದು ತೋಟಗಾರಿಕೆ ಗೊತ್ತಿರುವ ಯಾರಾದರೂ ಹೇಳಿಯಾರು.

ಸ್ಟಾರ್ ವಾರ್ಸ್ ಇನ್ನೊಂದು ಕನ್ನಡಿ. 2012ರಲ್ಲಿ ಸುಮಾರು 405 ಕೋಟಿ ಡಾಲರಿಗೆ ಲ್ಯೂಕಾಸ್‌ಫಿಲ್ಮ್ ಕೊಂಡ ಡಿಸ್ನಿ, 2015ರಿಂದ 2019ರೊಳಗೆ ಐದು ಚಿತ್ರ ಬಿಡುಗಡೆ ಮಾಡಿತು. ಮೊದಲನೆಯದಕ್ಕೆ ಜನ ಮುಗಿಬಿದ್ದರು, ನಾಲ್ಕನೆಯದು ಮುಗ್ಗರಿಸಿತು. ಐದನೆಯದರ ನಂತರ ಹಿರಿತೆರೆಗೆ ವರ್ಷಗಟ್ಟಲೆ ಬಿಡುವು ಕೊಟ್ಟು ಟಿವಿ ಸರಣಿಗಳತ್ತ ಹೊರಳಬೇಕಾಯಿತು. ಅಲ್ಲಿ ಕನಿಷ್ಠ ಗ್ರಹಗಳೂ ತಲೆಮಾರುಗಳೂ ಇದ್ದವು, ಕಥೆ ಹರಡಲು ಜಾಗವಿತ್ತು. ಬಾಂಡ್‌ನ ಜಗತ್ತಿನಲ್ಲಿ ಇರುವುದು ಒಬ್ಬನೇ ಮನುಷ್ಯ. ಅವನ ಸುತ್ತಲಿನ ಮೇಲಧಿಕಾರಿ ಎಂ, ಉಪಕರಣಗಳನ್ನು ಒದಗಿಸುವ ಕ್ಯೂ, ಕಾರ್ಯದರ್ಶಿ ಮನಿಪೆನ್ನಿ ಇವರೆಲ್ಲ ಎರಡು ಮೂರು ದೃಶ್ಯಗಳಲ್ಲಿ ಹೊಳೆದು ಹಿಂದೆ ಸರಿಯುವವರು. ಆ ಹೊಳಪು ಬಂದಿರುವುದೇ ಅವರು ಬೇಗ ಹೋಗುವುದರಿಂದ.

ಅಮೆಜಾನ್ ಇಟ್ಟ ಮೊದಲ ಹೆಜ್ಜೆಗಳು ಮಾತ್ರ ಟೀಕಾಕಾರರ ಬಾಯಿ ಕಟ್ಟಿಸಿದವು ಎನ್ನಬೇಕು. 2025ರ ಮಾರ್ಚ್‌ನಲ್ಲಿ ಏಮಿ ಪ್ಯಾಸ್ಕಲ್ ಮತ್ತು ಹ್ಯಾರಿ ಪಾಟರ್ ಖ್ಯಾತಿಯ ಡೇವಿಡ್ ಹೇಮನ್ ನಿರ್ಮಾಪಕರಾದರು, ಜೂನ್‌ನಲ್ಲಿ ‘ಡ್ಯೂನ್’ನ ಡೆನಿ ವಿಲ್ನೆವ್ ನಿರ್ದೇಶಕರಾದರು, ಜುಲೈ ಕೊನೆಗೆ ‘ಪೀಕಿ ಬ್ಲೈಂಡರ್ಸ್’ ಸೃಷ್ಟಿಸಿದ ಸ್ಟೀವನ್ ನೈಟ್ ಚಿತ್ರಕಥೆಗೆ ಬಂದರು. ಇವು ಅವಸರದ ಅಂಗಡಿಯ ಆಯ್ಕೆಗಳಲ್ಲ. ವಿಲ್ನೆವ್ ‘ಡ್ಯೂನ್’ನ ಮೂರನೆಯ ಭಾಗ ಮುಗಿಸಿಯೇ ಇತ್ತ ಬರಬೇಕು. ಅದರ ಬಿಡುಗಡೆಗೆ ಗೊತ್ತುಮಾಡಿದ ದಿನ 2026ರ ಡಿಸೆಂಬರ್ 18. ಅಂದರೆ ಅವಸರದವರೆಂದು ಹೆಸರಾದವರೇ ಕಾಯಲು ಒಪ್ಪಿದ್ದಾರೆ. ನಟ ಯಾರೆಂದು ಅಭಿಮಾನಿಗಳು ಮಾತ್ರ ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಯುತ್ತಿದ್ದಾರೆ.

ಗೋಡೆಯ ಮೇಲಿನ ಗಡಿಯಾರ

ಈ ಜಗಳದಲ್ಲಿ ಹೆಚ್ಚು ಚರ್ಚೆಯಾಗದ ಸಂಗತಿಯೊಂದಿದೆ: ಕಾಲಾವಧಿ. ಬ್ರಿಟನ್ನಿನಲ್ಲಿ ಲೇಖಕ ತೀರಿಕೊಂಡ 70 ವರ್ಷದವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ಫ್ಲೆಮಿಂಗ್ ತೀರಿಕೊಂಡದ್ದು 1964ರ ಆಗಸ್ಟ್ 12ರಂದು. ಆದ್ದರಿಂದ 2035ರ ಜನವರಿ 1ಕ್ಕೆ ಅಲ್ಲಿ ಅವರ ಕಾದಂಬರಿಗಳು ಸಾರ್ವಜನಿಕ ಸೊತ್ತಾಗುತ್ತವೆ. ಹಿಂದೆ 50 ವರ್ಷದ ನಿಯಮವಿದ್ದ ಕೆನಡಾದಲ್ಲಿ 2015ರಲ್ಲೇ ಆಗಿಹೋಗಿದೆ. ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಪ್ರಕಟಣೆಯ ವರ್ಷದಿಂದ 95 ವರ್ಷ ಎಣಿಸುವುದರಿಂದ ಮೊದಲ ಕಾದಂಬರಿಯೇ 2049ರವರೆಗೆ ಕಾಯಬೇಕು.

ಭಾರತದಲ್ಲಿ? ನಮ್ಮ ಕಾಯ್ದೆಯ ಅವಧಿ 60 ವರ್ಷ, ಲೇಖಕ ತೀರಿಕೊಂಡ ಮುಂದಿನ ಜನವರಿಯಿಂದ ಎಣಿಕೆ. ಅಂದರೆ ಫ್ಲೆಮಿಂಗ್ ಬದುಕಿದ್ದಾಗ ಪ್ರಕಟವಾದ ಬಾಂಡ್ ಕಾದಂಬರಿಗಳು ಭಾರತದ ಮಟ್ಟಿಗೆ 2025ರ ಜನವರಿ 1ರಿಂದಲೇ ಸಾರ್ವಜನಿಕ ಸೊತ್ತು. ಮರಣಾನಂತರ ಬಂದವುಗಳಿಗೆ ಪ್ರಕಟಣೆಯಿಂದ 60 ವರ್ಷ, ಹಾಗಾಗಿ 1965ರ ‘ದ ಮ್ಯಾನ್ ವಿತ್ ದ ಗೋಲ್ಡನ್ ಗನ್’ಗೆ ಒಂದು ವರ್ಷ, 1966ರ ಸಣ್ಣಕಥೆಗಳ ಸಂಕಲನಕ್ಕೆ ಎರಡು ವರ್ಷ ತಡ. ‘ಕ್ಯಾಸಿನೊ ರಾಯಲ್’ ಅನ್ನು ಕನ್ನಡಕ್ಕೆ ಅನುವಾದಿಸಿ ಇಲ್ಲಿ ಅಚ್ಚು ಹಾಕಲು ಇನ್ನು ಲಂಡನ್ನಿನ ಒಪ್ಪಿಗೆ ಬೇಕಿಲ್ಲ. ಎಚ್ಚರಿಕೆ ಬೇಕಾದುದು ಬೇರೆ ಕಡೆ. ಚಿತ್ರಗಳಲ್ಲಿ ಮಾತ್ರ ಹುಟ್ಟಿದ ಸಂಗತಿಗಳು, ಅಂದರೆ ಬಂದೂಕಿನ ನಳಿಗೆಯೊಳಗಿಂದ ನೋಡುವ ಆ ಆರಂಭ, ಆ ಸಂಗೀತ, ಇವುಗಳ ಹಕ್ಕು ಪ್ರತ್ಯೇಕ. 007 ಎಂಬ ಚಿಹ್ನೆ, ಬಾಂಡ್ ಹೆಸರಿನ ವ್ಯಾಪಾರಮುದ್ರೆಗಳೂ ಪ್ರತ್ಯೇಕ.

ಆ ವ್ಯಾಪಾರಮುದ್ರೆಗಳೂ ನೆಮ್ಮದಿಯಾಗಿಲ್ಲ. ಒಂದು ಮುದ್ರೆಯನ್ನು ನೋಂದಾಯಿಸಿ ಐದು ವರ್ಷ ಬಳಸದಿದ್ದರೆ ಅದನ್ನು ರದ್ದುಪಡಿಸಲು ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದಲ್ಲಿ ಯಾರಾದರೂ ಅರ್ಜಿ ಹಾಕಬಹುದು. ದುಬೈನಲ್ಲಿ ರಿಯಲ್ ಎಸ್ಟೇಟ್ ವ್ಯವಹಾರ ನಡೆಸುವ ಆಸ್ಟ್ರಿಯಾ ಮೂಲದ ಉದ್ಯಮಿಯೊಬ್ಬರು ಸರಿಯಾಗಿ ಅದನ್ನೇ ಮಾಡಿದ್ದಾರೆಂದು 2025ರ ಫೆಬ್ರುವರಿಯಲ್ಲಿ ಸುದ್ದಿಯಾಯಿತು. ಕಾಯುವುದು ಕಲಾವಿದರಿಗೆ ಸದ್ಗುಣ. ವ್ಯಾಪಾರಮುದ್ರೆಯ ಕಾನೂನು ಅದನ್ನು ಆಲಸ್ಯವೆಂದು ಓದುತ್ತದೆ.

ಈಗ ಅಮೆಜಾನ್‌ನ ಅವಸರಕ್ಕೆ ಇನ್ನೊಂದು ಅರ್ಥ ಸಿಗುತ್ತದೆ. 2035ರ ನಂತರ ಬ್ರಿಟನ್ನಿನಲ್ಲಿ ಯಾರು ಬೇಕಾದರೂ ಫ್ಲೆಮಿಂಗ್‌ನ ಪುಟಗಳಲ್ಲಿರುವ ಬಾಂಡ್‌ನನ್ನು ಕಥೆಗೆ ಎಳೆದುಕೊಳ್ಳಬಹುದು. ಆ ಹೊತ್ತಿಗೆ ‘ಅಸಲಿ ಬಾಂಡ್ ನಮ್ಮವನು’ ಎಂದು ಜನಮನದಲ್ಲಿ ಬೇರೂರಿಸಲು ಎರಡು ಮೂರು ಚಿತ್ರಗಳಾದರೂ ಬೇಕು. ಹಳೆಯ ವೇಗದಲ್ಲಿ ನಡೆದರೆ ಅಷ್ಟರಲ್ಲಿ ಒಂದು ಬರುವುದೂ ಅನುಮಾನವಿತ್ತು.

ಮೂಲದ ಹಕ್ಕಿಲ್ಲದೆಯೂ ಮಾದರಿ ಹಬ್ಬುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಉದಾಹರಣೆಯಿದೆ. 1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿಸಿತು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬಂದವು. ಅಂಕಿ ಬದಲಾಗಿತ್ತು, ಗತ್ತು ಅದೇ. ಪೌರಾಣಿಕ ಪಾತ್ರಗಳಲ್ಲಿ ಕಿರೀಟ ತೊಟ್ಟ ನಟನ ಕೈಗೆ ಪಿಸ್ತೂಲು ಬಂದಾಗ ಕನ್ನಡ ಪ್ರೇಕ್ಷಕ ಮುಜುಗರಪಡಲಿಲ್ಲ, ಶಿಳ್ಳೆ ಹೊಡೆದ.

ಯಾವುದನ್ನು ಗಮನಿಸಬೇಕು

ಪೋಸ್ಟರಿನ ಪಿಸ್ತೂಲನ್ನು ಅಳಿಸಿದ್ದು ದೊಡ್ಡ ಸಂಚೇನಲ್ಲ. ವೇದಿಕೆಯ ಎಲ್ಲ ಚಿತ್ರಗಳಿಗೂ ಒಂದೇ ಅಳತೆಗೋಲು ಹಿಡಿಯುವ ವ್ಯವಸ್ಥೆಯಲ್ಲಿ ಯಾರೋ ಒಬ್ಬರು ಮಾಡಿದ ಕೆಲಸದಂತೆ ಅದು ಕಾಣುತ್ತದೆ. ಹಿಂದಿನ ಏರ್ಪಾಟಿನಲ್ಲಿ ಅದನ್ನು ಕಂಡು ‘ಇದು ಬೇಡ’ ಎನ್ನಲು ಒಂದು ಮನೆಯಿತ್ತು. ಈಗ ಆ ಮಾತನ್ನು ಅಭಿಮಾನಿಗಳೇ ಕೂಗಿ ಹೇಳಬೇಕಾಯಿತು, ಕಂಪನಿ ಕೇಳಿಸಿಕೊಂಡಿತು. ಪ್ಯಾಸ್ಕಲ್ ಮತ್ತು ಹೇಮನ್ ನುರಿತವರು, ಆದರೆ ಅವರು ನೇಮಕಗೊಂಡವರು. ನೇಮಿಸಿದವರಿಗೆ ‘ಬೇಡ’ ಎನ್ನುವ ಧೈರ್ಯ ಎಷ್ಟಿದೆಯೆಂದು ಒಂದು ಚಿತ್ರದಲ್ಲಿ ತಿಳಿಯುವುದಿಲ್ಲ.

ವಿಲ್ನೆವ್ ಚಿತ್ರ ಚೆನ್ನಾಗಿ ಬರಬಹುದು, ಓಡಬಹುದು. ಪರೀಕ್ಷೆ ಶುರುವಾಗುವುದು ಅದರ ಮರುದಿನ ಬೆಳಿಗ್ಗೆ, ಗಳಿಕೆಯ ಅಂಕಿ ಮೇಜಿನ ಮೇಲೆ ಬಿದ್ದಾಗ. ಮನಿಪೆನ್ನಿಯ ಹರೆಯದ ಕಥೆ ಎಂಟು ಕಂತುಗಳಲ್ಲಿ, ಬಾಂಡ್‌ನ ಸಿಐಎ ಗೆಳೆಯ ಫೀಲಿಕ್ಸ್ ಲೈಟರ್‌ನ ಕಥೆ ಆರು ಕಂತುಗಳಲ್ಲಿ ಎಂದು ಯಾರಾದರೂ ಕಡತ ಹಿಡಿದುಕೊಂಡು ಸಭೆಗೆ ಬಂದೇ ಬರುತ್ತಾರೆ. ನಟನ ಹೆಸರಿಗಾಗಿ ಕಾಯುವವರು ಕಾಯಲಿ. ಆ ಕಡತಕ್ಕೆ ಸಿಗುವ ಉತ್ತರದ ಮೇಲೆ ಕಣ್ಣಿಟ್ಟಿರುವುದು ಲೇಸು.